ಶಟ್ಟೆಪ್ಪ ಬಿಚ್ಚಿದ ಪಟ್ಟಿ

ನಮ್ಮ ದವಾಖಾನೆಯಲ್ಲಿ ಗಾಯಗಳಿಗೆ ಪಟ್ಟಿ ಕಟ್ಟುತ್ತಿದ್ದ ಶಟ್ಟೆಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಇದನ್ನು ಹೊಗಳಿಕೆ ಎಂದು ತಿಳಿಯಬೇಡಿ. ದವಾಖಾನೆಯಲ್ಲಿ ದುಡಿಯುವವನಿಗೆ ಸುಳ್ಳು ಬಾರದಿದ್ದರೆ ಅದೂ ಒಂದು ರೋಗವೇ. ನಾನು ಇಪ್ಪತ್ತೆಂಟು ವರ್ಷ ನರ್ಸ್ ಆಗಿದ್ದವಳು, ದಿನಕ್ಕೆ ಹತ್ತು ಸುಳ್ಳಾದರೂ ಹೇಳಿದ್ದೇನೆ. ಸೂಜಿ ನೋಯುವುದಿಲ್ಲ, ಜ್ವರ ಇಳಿದಿದೆ, ನಾಳೆ ಮನೆಗೆ ಹೋಗಬಹುದು, ಇಂಥವು. ಹೇಳಿದ ಮೇಲೆ ಹೋಗಿ ಚಹಾ ಕುಡಿದಿದ್ದೇನೆ. ಶಟ್ಟೆಪ್ಪನ ಕೈಲಿ ಇಂಥದ್ದೊಂದೂ ಆಗುತ್ತಿರಲಿಲ್ಲ.

ನಾನು ೧೯೯೧ರಲ್ಲಿ ಸವದತ್ತಿಯ ಆ ಖಾಸಗಿ ದವಾಖಾನೆಗೆ ಸೇರಿದಾಗ ಅವನಾಗಲೇ ಅಲ್ಲಿ ಹಳಬ. ನನಗಿಂತ ಹತ್ತು ವರ್ಷ ದೊಡ್ಡವನು. ಆದರೂ ನಾವೆಲ್ಲ ಅವನನ್ನು 'ಏ ಶಟ್ಟೆಪ್ಪ' ಎಂದೇ ಕರೆಯುತ್ತಿದ್ದೆವು, ಅವನು ನನ್ನನ್ನು 'ಅಕ್ಕಾರ' ಎನ್ನುತ್ತಿದ್ದ. ಯಾಕೆ ಹೀಗೆ ಎಂದು ಆಗ ನಾನು ಒಮ್ಮೆಯೂ ಯೋಚಿಸಲಿಲ್ಲ. ಈಗ ಯೋಚಿಸುತ್ತೇನೆ, ಆದರೂ ಬರೆಯಲು ಕೂತರೆ 'ಅವನು' ಎಂದೇ ಬರುತ್ತದೆ. ಹಳೆಯ ನಾಲಿಗೆ, ಏನು ಮಾಡಲಿ.

ಅವನ ಊರು ರಾಮದುರ್ಗದ ಕಡೆಯ ಕಟಕೋಳ. ಅಪ್ಪ ಚರ್ಮ ಹದ ಮಾಡುತ್ತಿದ್ದ. ಸತ್ತ ದನ ಎಳೆದುಕೊಂಡು ಬಂದು, ಚರ್ಮ ಸುಲಿದು, ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ಹೆರೆದು, ತೊಗಟೆಯ ನೀರಿನಲ್ಲಿ ತಿಂಗಳುಗಟ್ಟಲೆ ಇಟ್ಟು, ರೈತರಿಗೆ ಬಾರುಕೋಲು, ಮಿಣಿಹಗ್ಗ, ಚಪ್ಪಲಿ ಮಾಡಿಕೊಡುವ ಕೆಲಸ. ಶಟ್ಟೆಪ್ಪ ಹನ್ನೆರಡು ವರ್ಷದವನಿದ್ದಾಗಲೇ ಆ ಸುಣ್ಣದ ಹೊಂಡಕ್ಕಿಳಿದವನು. ಸುಣ್ಣಕ್ಕೆ ಬೆರಳಿನ ಸಂದೆಲ್ಲ ತಿಂದುಹೋಗಿ ಸವದತ್ತಿಗೆ ತೋರಿಸಲು ಬಂದ. ಅಲ್ಲಿ ಪಟ್ಟಿ ಕಟ್ಟುವುದನ್ನು ನೋಡಿದ. ಊರಿಗೆ ಹೋಗಿ ಅಪ್ಪನಿಗೆ, "ನಾ ಇನ್ನ ಈ ಕೆಲಸಾ ಮಾಡಂಗಿಲ್ಲ" ಎಂದ. ಅಪ್ಪ ಬಾರುಕೋಲಿನಿಂದಲೇ ಬಾರಿಸಿದ. ಅವನು ವಾಪಸು ಬಂದು ದವಾಖಾನೆಯ ಕಸ ಗುಡಿಸಲು ನಿಂತ. ಕಸ ಗುಡಿಸುತ್ತ ಪಟ್ಟಿ ತೊಳೆಯಲು ಕಲಿತ, ಪಟ್ಟಿ ತೊಳೆಯುತ್ತ ಕಟ್ಟಲು ಕಲಿತ.

ಇನ್ನು ಸುಳ್ಳು ಬಾರದ ರೋಗ ಅಂಟಿದ ಕಥೆ. ನಾನು ಸೇರುವ ಮುಂಚಿನ ಮಾತು. ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆತಿದ್ದ ಒಬ್ಬ ವ್ಯಾಪಾರಸ್ಥರ ಮನೆಯ ಮುದುಕಿಗೆ ಅವನು ಇಪ್ಪತ್ತು ದಿನ ಪಟ್ಟಿ ಕಟ್ಟಿದ. ಮುದುಕಿ 'ನನ್ನ ಮಗನs' ಎನ್ನುತ್ತಿದ್ದಳಂತೆ. ಇಪ್ಪತ್ತೊಂದನೆಯ ದಿನ ಯಾರೋ ಅವನ ಕೇರಿ ಯಾವುದೆಂದು ಹೇಳಿದರು. ಮನೆಯವರು ದವಾಖಾನೆಯ ಅಂಗಳದಲ್ಲಿ ನಿಂತು, ಹೇಳದೆ ಕೇಳದೆ ಮುಟ್ಟಿದ ಎಂದು ಬಾಯಿಗೆ ಬಂದಂತೆ ಬೈದರು. ಮುದುಕಿ ಕಾಲು ತೊಳೆಸಿಕೊಂಡಳು. ದಿನಾ ಅವನೇ ತೊಳೆಯುತ್ತಿದ್ದ ಕಾಲು ಅದು!

ಅಂದಿನಿಂದ ಅವನದೊಂದು ಪದ್ಧತಿ. ಹೊಸ ರೋಗಿಯ ಮುಂದೆ ನಿಂತು ಮೊದಲು, "ನಾ ಶಟ್ಟೆಪ್ಪರಿ, ಕಟಕೋಳದ ಕೆಳಗಿನ ಕೇರಿಯಾಂವ. ಪಟ್ಟಿ ಕಟ್ಟಲ್ಯಾ?" ಎಂದು ಕೇಳುವನು. ಒಲ್ಲೆ ಎಂದವರನ್ನು ನಮ್ಮ ಕಡೆ ಕಳಿಸುವನು. ಆದರೆ ನೋವಿನಲ್ಲಿ ಇದ್ದವರು ಒಲ್ಲೆ ಎನ್ನುತ್ತಿದ್ದುದು ಕಡಿಮೆ. ಒಮ್ಮೆ ಅವನ ಕೈ ಬಿದ್ದಮೇಲೆ ಬೇರೆಯವರು ಬೇಡವೇ ಬೇಡ. ಹೆಸರು ಹೇಳಲು ಶುರುಮಾಡಿದವನು ಬರಬರುತ್ತ ಎಲ್ಲವನ್ನೂ ಹೇಳತೊಡಗಿದ. "ಈಗ ನೀರು ಹಾಕತೇನ್ರಿ, ತಂಪ ಹತ್ತತೈತಿ. ಈಗ ಬಟ್ಟಿ ಬಿಡಸ್ತೇನಿ, ಒಂದೀಟ ಉರೀತೈತಿ, ಹತ್ತು ಎಣಸ್ರಿ. ಇದು ಅರಿಷಿಣದ ಬಣ್ಣದ ಮುಲಾಮ ಐತಿ, ವಾಸ್ನಿ ಬರತೈತಿ, ಅಂಜಬ್ಯಾಡ್ರಿ." ಸುಟ್ಟಗಾಯದವರಿಗೆ ಅದೇ ಅರ್ಧ ಔಷಧಿ. ಮುಂದೆ ಏನಾಗುತ್ತದೆ ಎಂದು ಗೊತ್ತಿದ್ದರೆ ಮನುಷ್ಯ ಎಷ್ಟು ನೋವನ್ನಾದರೂ ತಡೆದುಕೊಳ್ಳುತ್ತಾನೆ ಎಂದು ನಾನು ಕಲಿತದ್ದು ಅವನನ್ನು ನೋಡಿ.

ಮುಂದೆ ಅವನು ಬುದ್ಧನ ದಾರಿ ಹಿಡಿದ. ಮಗನಿಗೆ ಗೌತಮ, ಮಗಳಿಗೆ ಪ್ರಜ್ಞಾ ಎಂದು ಹೆಸರಿಟ್ಟ. ಐದು ಶೀಲಗಳಲ್ಲಿ ಸುಳ್ಳಾಡಬಾರದೆಂಬುದೂ ಒಂದಂತೆ. "ಬಾಕಿ ನಾಕು ಬಿಟ್ಟು ಅದೊಂದs ಗಟ್ಟಿ ಹಿಡದೀಯೇನೋ?" ಎಂದು ನಾನು ಕಾಡುತ್ತಿದ್ದೆ. "ಅದೊಂದs ಪುಕ್ಕಟೆ ಸಿಗೂದ್ರಿ ಅಕ್ಕಾರ" ಎಂದು ನಗುತ್ತಿದ್ದ. ಪುಕ್ಕಟೆ ಅಲ್ಲ ಎನ್ನುವುದು ಅವನಿಗೂ ನನಗೂ ಗೊತ್ತಾದದ್ದು ೨೦೦೩ರ ಪಂಚಮಿಯಲ್ಲಿ.

ಹೂಲಿಯ ರೈತ ವೀರಪ್ಪನ ಮಗಳು ಅನ್ನಪೂರ್ಣಾ. ಇಪ್ಪತ್ಮೂರು ವರ್ಷ. ರಾಮದುರ್ಗಕ್ಕೆ ಕೊಟ್ಟಿದ್ದರು. ನಾಗರಪಂಚಮಿಗೆ ಐದು ತಿಂಗಳ ಹೆಣ್ಣು ಕೂಸನ್ನು ಎತ್ತಿಕೊಂಡು ತವರಿಗೆ ಬಂದಿದ್ದಳು. ಪಂಚಮಿ ಎಂದರೆ ನಮ್ಮ ಕಡೆ ಉಂಡಿಯ ಹಬ್ಬ. ಶೇಂಗಾ ಉಂಡಿಗೆ ಬೆಲ್ಲದ ಪಾಕ ಕುದಿಯುತ್ತಿತ್ತು. ಕೂಸು ಅತ್ತಿತೆಂದು ಅವಸರದಲ್ಲಿ ಪಾತ್ರೆ ಇಳಿಸಲು ಹೋದಳು, ಇಕ್ಕಳ ಜಾರಿತು. ಕುದಿಯುವ ಬೆಲ್ಲ ನೀರಿನ ಹಾಗೆ ಹರಿದುಹೋಗುವುದಿಲ್ಲ, ಬಿದ್ದಲ್ಲಿಯೇ ಅಂಟಿ ಸುಡುತ್ತದೆ. ಬಲಗೈ ಭುಜದಿಂದ ಮಣಿಕಟ್ಟಿನವರೆಗೆ, ಬಲ ಎದೆಯ ಮೇಲೆ ಒಂದು ಅಂಗೈಯಷ್ಟು. ಮನೆಯವರು ಮೇಲೆ ಹಲ್ಲುಜ್ಜುವ ಪೇಸ್ಟು ಬಳಿದು, ಅದರ ಮೇಲೆ ಮಸಿ ಸುರಿದು ಕರೆದುಕೊಂಡು ಬಂದಿದ್ದರು. ನಾನು ಅವಳ ಅವ್ವ ತಾಯವ್ವನಿಗೆ ಅಲ್ಲಿಯೇ ಚೆನ್ನಾಗಿ ಬೈದೆ. ಪಾಪ, ಆಕೆ ಕೂಸನ್ನು ಎದೆಗವಚಿಕೊಂಡು ನಿಂತಿದ್ದಳು.

ಮೊದಲ ನಾಲ್ಕು ದಿನ ರೂಢಿಯ ಪಟ್ಟಿ. ಮುಲಾಮು ಹಚ್ಚಿದ ತೆಳು ಬಟ್ಟೆ ಹಾಕುವುದು, ಮರುದಿನ ಅದನ್ನು ನೆನೆಸಿ ಬಿಡಿಸುವುದು. ಎಷ್ಟೇ ನೆನೆಸಿದರೂ ಹಸಿ ಗಾಯಕ್ಕೆ ಬಟ್ಟೆ ಕಚ್ಚಿರುತ್ತದೆ. ಶಟ್ಟೆಪ್ಪ ಮೊದಲ ದಿನ ತನ್ನ ಹೆಸರು, ಕೇರಿ ಹೇಳಿದ. ವೀರಪ್ಪ ಮಗಳ ಮುಖ ನೋಡಿ, "ಯಾವ ಕೇರಿಯಾದ್ರೇನಪಾ, ನೋವಾಗಧಂಗ ಕಟ್ಟು" ಎಂದ. ಆದರೆ ನೋವಾಗದ ಹಾಗೆ ಕಟ್ಟುವುದು ದೇವರಿಗೂ ಸಾಧ್ಯವಿರಲಿಲ್ಲ. ಅನ್ನಪೂರ್ಣಾ, "ಕಾಕಾ, ಹೇಳ್ಕೋತ ಮಾಡ್ರಿ, ಹೇಳಿದ್ರ ತಡಕೊಂತೇನಿ" ಎನ್ನುವಳು. ಅವನು ಹೇಳುತ್ತಿದ್ದ, ಅವಳು ಎಣಿಸುತ್ತಿದ್ದಳು, ಹತ್ತರ ಮೇಲೆ ಎಣಿಕೆ ಚೀರಾಟವಾಗುತ್ತಿತ್ತು. ನೋವಿಗೆ ಎದೆಹಾಲು ಕಡಿಮೆಯಾಗತೊಡಗಿತು. ಕೂಸು ಬಾಟಲಿ ಒಲ್ಲದು. ಒಳಗೆ ತಾಯಿ ಚೀರುವಳು, ಹೊರಗೆ ಕೂಸು ಚೀರುವುದು, ನಡುವೆ ನಮ್ಮ ತಲೆ ಕೆಟ್ಟುಹೋಗುವುದು.

ನಮ್ಮ ಡಾಕ್ಟರು ಕಲ್ಮೇಶ, ಎಳೆಯ ವಯಸ್ಸು, ಓದಿ ಬಂದು ಎರಡೇ ವರ್ಷವಾಗಿತ್ತು. ಅವರು ನನ್ನನ್ನೂ ಶಟ್ಟೆಪ್ಪನನ್ನೂ ಕರೆದು ಹೇಳಿದರು: "ಭುಜ, ಎದಿ ಹೆಂಗಾರ ಮಾಯತಾವ. ಅಂಜಿಕಿ ಇರೂದು ಮೊಣಕೈದು. ಹಿಂಗs ದಿನಾ ಕಿತ್ತು ಕಟ್ಟಿದ್ರ ಆರು ವಾರ ಹಿಡೀತೈತಿ. ಅಷ್ಟ ತಡಾ ಮಾಯ್ದ ಚರ್ಮ ಮುದುಡತೈತಿ. ಕೈ ಮಡಚಿದ್ದು ಮಡಚಿಧಂಗs ಉಳೀತೈತಿ." ಮರುದಿನ ಹುಬ್ಬಳ್ಳಿಯಿಂದ ಒಂದು ಹೊಸ ವಸ್ತು ತರಿಸಿದರು. ಪಾಕೀಟಿನೊಳಗೆ ಸ್ಪಿರಿಟ್ ವಾಸನೆಯ ದ್ರವ, ಅದರೊಳಗೆ ಹಾಲಿನ ಕೆನೆಯಷ್ಟು ತೆಳುವಾದ ಹಾಳೆ. ಕೊಲಾಜೆನ್ ಹಾಳೆ. ಒಮ್ಮೆ ಹಾಕಿದರೆ ಮುಟ್ಟುವಂತಿಲ್ಲ. ಗಾಯಕ್ಕೆ ಅಂಟಿಕೊಂಡು ಒಣಗುತ್ತದೆ, ಅದರ ಕೆಳಗೆ ಹೊಸ ಚರ್ಮ ಹುಟ್ಟುತ್ತದೆ, ಹತ್ತು ಹನ್ನೆರಡು ದಿನಕ್ಕೆ ಹಾಳೆ ತಾನೇ ಅಂಚಿನಿಂದ ಬಿಟ್ಟುಕೊಂಡು ಉದುರುತ್ತದೆ.

ಶಟ್ಟೆಪ್ಪ ಹಾಳೆಯನ್ನು ಸಲೈನ್ ನೀರಿನಲ್ಲಿ ತೊಳೆಯುತ್ತಿದ್ದ. ಕೈಗವಸಿನೊಳಗಿನ ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿ ನೋಡಿದ. ಇನ್ನೊಮ್ಮೆ ಉಜ್ಜಿದ.

"ಸಾಹೇಬ್ರ, ಇದು ಚರ್ಮ ಅಲ್ರಿ?"

ಡಾಕ್ಟರು ಬೆರಗಾಗಿ ನಕ್ಕರು. "ನಿನಗ ಹೆಂಗ ಗೊತ್ತಾತೋ? ಚರ್ಮ ಅಲ್ಲ, ಚರ್ಮದಾಗಿನ ಪ್ರೋಟೀನು. ದನದ ಚರ್ಮದಿಂದ ತಗದು, ಸ್ವಚ್ಛ ಮಾಡಿ ಹಾಳಿ ಮಾಡ್ಯಾರ. ನಮ್ಮ ಮೈ ತೊಗಲಿನಾಗೂ ಇರೂದು ಅದs. ಅದಕ್ಕs ಗಾಯ ಇದನ್ನ ತಂದs ಅಂತ ತಿಳೀತೈತಿ."

ಅವನ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಹೊಂಡದಿಂದ ಓಡಿಬಂದವನು! "ನಮ್ಮಪ್ಪ ಇರಬೇಕಾಗಿತ್ರಿ" ಎಂದಷ್ಟೇ ಅಂದ. ನಾನು ಮಾತ್ರ ಬಾಗಿಲ ಕಡೆ ನೋಡಿದೆ. ಹೊರಗೆ ಬೆಂಚಿನ ಮೇಲೆ ವೀರಪ್ಪ ಕೂತಿದ್ದ, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ದವಾಖಾನೆಯ ನಳದ ಕೆಳಗೆ ಸ್ನಾನ ಮಾಡಿ, ಮೂಲೆಯಲ್ಲಿ ಕೂತು ಪೂಜೆ ಮಾಡಿಕೊಳ್ಳದೆ ಒಂದು ಗುಟುಕು ನೀರು ಕುಡಿಯದವನು. ನಾನೂ ಅಂಥದೇ ಮನೆಯಲ್ಲಿ ಹುಟ್ಟಿದವಳು, ಅವರ ಮನಸ್ಸು ನನಗೆ ಗೊತ್ತು.

"ಶಟ್ಟೆಪ್ಪ, ನಿನ್ನ ಬಾಯಿಗೊಂದು ಹೊಲಗಿ ಹಾಕ್ಕೋ. ಇದೊಂದು ಸಲ" ಎಂದೆ. ಡಾಕ್ಟರೂ ತಲೆಯಾಡಿಸಿದರು.

ಅವನು ಹಾಳೆಯನ್ನು ಇನ್ನೊಮ್ಮೆ ತೊಳೆದ. ಆಮೇಲೆ ಒಳಗೆ ಹೋಗಿ, "ಯವ್ವಾ, ಇದು ಹೊಸಾ ಪಟ್ಟಿ. ಡಾಕ್ಟರ್ ಸಾಹೇಬ್ರು ತರಿಸ್ಯಾರ. ಇನ್ನ ದಿನಾ ಕೀಳೂದಿಲ್ಲ" ಎಂದ. ಅಷ್ಟೇ. ಒಂದು ಮಾತನ್ನು ನುಂಗಿಕೊಂಡದ್ದು ಅವನ ಸೇವೆಯಲ್ಲಿ ಅದೇ ಮೊದಲು. ನಾಲ್ಕು ಹಾಳೆಗಳನ್ನು ಅಂಚಿಗೆ ಅಂಚು ಕೂಡಿಸಿ, ಒಂದು ಗಾಳಿಗುಳ್ಳೆ ಉಳಿಯದ ಹಾಗೆ ಒತ್ತಿ ಕೂಡ್ರಿಸಿದ. ಎದೆಯ ಮೇಲಿನದನ್ನು ನಾನು ಹಾಕಿದೆ. ಅವನದರಷ್ಟು ಸಾಪಾಗಿ ಕೂಡಲಿಲ್ಲ.

ಆ ಸಂಜೆ ಅನ್ನಪೂರ್ಣಾ ನಿದ್ದೆ ಮಾಡಿದಳು. ಗಾಯ ಮುಚ್ಚಿದ್ದೇ ತಡ, ಉರಿ ಇಳಿಯಿತು. ಮರುದಿನ ಎಡಗಡೆಯ ಹಾಲನ್ನು ಕೂಸಿಗೆ ಕುಡಿಸಿದಳು. ಮೂರನೆಯ ದಿನ ನಕ್ಕಳು. ಡಾಕ್ಟರು ದಿನಾ ಬಂದು ಮೊಣಕೈ ಮಡಚಿಸಿ, ನೆಟ್ಟಗೆ ಮಾಡಿಸಿ ನೋಡುವರು. ಐದನೆಯ ದಿನಕ್ಕೆ ಮಣಿಕಟ್ಟಿನ ಹತ್ತಿರ ಹಾಳೆಯ ಅಂಚು ಒಣಗಿ ಎದ್ದಿತ್ತು. ಕೆಳಗೆ ಗುಲಾಬಿ ಬಣ್ಣದ ಹೊಸ ತೊಗಲು. ನಾವು ಮೂವರೂ ಕುತ್ತಿಗೆ ಚಾಚಿ ನೋಡಿದೆವು. "ಇನ್ನೊಂದು ವಾರ" ಎಂದರು ಡಾಕ್ಟರು. ಇನ್ನೊಂದು ವಾರ ಯಾರೂ ಮುಟ್ಟದಿದ್ದರೆ ಆ ಕೈ ಉಳಿಯುತ್ತಿತ್ತು. ನಮಗೆ ಬೇಕಾದದ್ದು ಅಷ್ಟೇ, ಏಳು ದಿನ.

ಆ ದಿನ ಮಧ್ಯಾಹ್ನ ವೀರಪ್ಪನಿಗೆ ಊರಿನಿಂದ ಬುತ್ತಿ ಬಂದಿತ್ತು. ಬಿಳಿಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಅವನು ಬುತ್ತಿಯ ಗಂಟು ಬಿಚ್ಚಿ, ನೆಲದ ಮೇಲೆ ಕೂತು, ಶಟ್ಟೆಪ್ಪನನ್ನು ಕೂಗಿದ. "ಬಾರಪಾ, ಇಲ್ಲೆ ಕುಂಡ್ರು. ನನ್ನ ಬಾಜೂಕ ಕುಂಡ್ರು. ನನ್ನ ಮಗಳ ಕೈ ಉಳಿಸಿದಾಂವ ನೀ." ರೊಟ್ಟಿ ಮುರಿದು ತನ್ನ ಕೈಯಿಂದಲೇ ಅವನ ಕೈಯೊಳಗೆ ಇಟ್ಟ. ನಾನು ಔಷಧಿಯ ಕಪಾಟಿನ ಹತ್ತಿರ ನಿಂತು ನೋಡುತ್ತಿದ್ದೆ. ಸವದತ್ತಿಯಲ್ಲಿ ಅಷ್ಟು ವರ್ಷ ದುಡಿದರೂ ಶಟ್ಟೆಪ್ಪನನ್ನು ಯಾರೂ ಹಾಗೆ ಬಾಜೂಕ ಕೂಡ್ರಿಸಿಕೊಂಡಿರಲಿಲ್ಲ. ನಾನೂ ಕೂಡ್ರಿಸಿಕೊಂಡಿರಲಿಲ್ಲ. ಅವನ ಕಣ್ಣು ತುಂಬಿಬಂದವು.

ವೀರಪ್ಪ ಉಣ್ಣುತ್ತ ಕೇಳಿದ: "ಏನ್ ಔಷಧಾನೋ ಅದು! ಹೊಲದಾಗ ಕುಡಗೋಲ ಬಡದ್ರ ನಾವು ಜೇಡರ ಬಲಿ ಹಚ್ಚತೇವಿ, ರಕ್ತ ನಿಲ್ಲತೈತಿ. ಆದ್ರ ಇದು ಮಾತ್ರ ಬ್ಯಾರೇನs ಐತಿ. ಯಾವ ಗಿಡದ್ದು? ಹೇಳು, ನನ್ನ ಬದುವಿನ ಮ್ಯಾಲ ನಾಕು ಗಿಡಾ ಹಚ್ಚತೇನಿ."

ನಾನು ಅಲ್ಲಿಂದಲೇ ಕಣ್ಣು ಕೆಕ್ಕರಿಸಿದೆ. 'ಗೊತ್ತಿಲ್ಲ' ಎಂದರೆ ಮುಗಿದುಹೋಗುತ್ತಿತ್ತು. 'ಡಾಕ್ಟರನ್ನು ಕೇಳ್ರಿ' ಎಂದರೂ ಆಗುತ್ತಿತ್ತು. ಆದರೆ ಆ ಮುದುಕಿಯ ಮನೆಯವರು 'ಹೇಳದೆ ಮುಟ್ಟಿದ' ಎಂದದ್ದು ಅವನ ಎದೆಯಲ್ಲಿ ಇನ್ನೂ ಹಸಿಯಾಗಿತ್ತು. ತನ್ನನ್ನು ಬಾಜೂಕ ಕೂಡ್ರಿಸಿಕೊಂಡು ಉಣ್ಣಿಸುತ್ತಿರುವವನ ಮುಂದೆ ಆ ಮಾತು ಮತ್ತೊಮ್ಮೆ ತನಗೆ ತಾಗಬಾರದು ಅನ್ನಿಸಿರಬೇಕು. ಇಷ್ಟು ಪ್ರೀತಿ ಇದ್ದವನು ಇದನ್ನೂ ತಾಳಿಕೊಂಡಾನು ಎಂದೂ ನಂಬಿರಬೇಕು. ಅವನು ರೊಟ್ಟಿ ಕೆಳಗಿಟ್ಟ.

"ಗಿಡದ್ದಲ್ರಿ ಅಪ್ಪಾರ. ದನದ ಚರ್ಮದ್ದು. ಚರ್ಮದಾಗಿನ ಸತ್ವ ತಗದು ಮಾಡ್ಯಾರ. ಮದಲs ಹೇಳಬೇಕಾಗಿತ್ತು, ಹೇಳಲಿಲ್ಲ. ನನ್ನ ತಪ್ಪಾತ್ರಿ."

ವೀರಪ್ಪ ಬೈಯಲಿಲ್ಲ. ಬೈದಿದ್ದರೆ ನಾನೂ ಬೈದು ಸರಿಮಾಡುತ್ತಿದ್ದೆ, ನನಗದು ಚೆನ್ನಾಗಿ ಬರುತ್ತದೆ. ಬಾಯಲ್ಲಿದ್ದ ತುತ್ತನ್ನು ನುಂಗಲೂ ಆಗದೆ ಉಗುಳಲೂ ಆಗದೆ ಕೂತ. ಆಮೇಲೆ ಎದ್ದು ನಳದ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿ, ಮೈಮೇಲೆ ನೀರು ಸುರಿದುಕೊಂಡ. ಬುತ್ತಿ ಅಲ್ಲಿಯೇ ಬಿದ್ದಿತ್ತು.

ಸಂಜೆ ಅವನು ಡಾಕ್ಟರ ಮುಂದೆ ಕೈ ಜೋಡಿಸಿ ನಿಂತ. "ಅದನ್ನ ತಗಸ್ರಿ ಸಾಹೇಬ್ರ. ಇಲ್ಲಂದ್ರ ಮಗಳನ್ನ ಮನಿಗಿ ಕರಕೊಂಡು ಹೊಂಟೇನಿ."

ಡಾಕ್ಟರು ತಿಳಿಸಿ ಹೇಳಿದರು. ಈಗ ಕಿತ್ತರೆ ಹುಟ್ಟುತ್ತಿರುವ ಚರ್ಮ ಕಿತ್ತುಬರುತ್ತದೆ, ಕೈ ಹೋಗುತ್ತದೆ ಎಂದರು. ವೀರಪ್ಪ ತಲೆ ಅಲ್ಲಾಡಿಸುತ್ತಲೇ ಇದ್ದ. ನನಗೆ ತಡೆಯಲಾಗಲಿಲ್ಲ. "ಏನ್ರಿ, ಮಡಿ ಅಂತ ರೇಷ್ಮಿ ಉಡತೀರಿ. ಹುಳಾ ಕುದಿಸಿ ತಗದದ್ದಲ್ಲೇನದು? ಜೇಡರ ಬಲಿ ಹಚ್ಚತೀರಲ್ಲ, ಅದೂ ಹುಳದ ಹೊಟ್ಟ್ಯಾಗಿಂದs. ಕಾಲಾಗ ಮೆಟ್ಟೂದು ಏನ್ರಿ? ಮಗಳ ಕೈ ಉಳಿಸೂವಾಗಷ್ಟs ಆಚಾರ ನೆಪ್ಪ ಆಗತೈತಿ?" ಎಂದು ಒಂದೇ ಉಸಿರಿಗೆ ಹರಿಹಾಯ್ದೆ.

ಅವನು ನನ್ನ ಕಡೆ ನೋಡಿದ. ಕಣ್ಣಲ್ಲಿ ಸಿಟ್ಟಿರಲಿಲ್ಲ. "ನೀವು ಹೇಳೂದೆಲ್ಲಾ ಖರೆ ಐತ್ರಿ ಅಕ್ಕಾರ. ನನಗ ತಿಳೀತೈತಿ. ಆದ್ರ ಹೋದ ವರ್ಷ ನನ್ನ ಎತ್ತು ಸತ್ತಾಗ ಯಾರಿಗೂ ಕೊಡಲಿಲ್ಲ ನಾ. ಹೊಲದಾಗs ಕುಣಿ ತೋಡಿ, ಮನಿ ಮಂದಿನ್ನ ಮಣ್ಣ ಮಾಡಿಧಂಗ ಮಾಡೇನಿ. ಈಗ ಮಗಳ ಕೈ ನೋಡಿದ್ರ ಅದರ ಮಾರಿ ಕಾಣಾಕ ಹತ್ತೈತಿ. ನಾ ಏನ್ ಮಾಡ್ಲಿ? ಹೇಳ್ರಿ, ನಾ ಏನ್ ಮಾಡ್ಲಿ?" ಎಂದು ಅತ್ತ. ಏನು ಹೇಳುವುದು ಅದಕ್ಕೆ?

ರಾಮದುರ್ಗದಿಂದ ಅಳಿಯ ಬಂದಿದ್ದ. ಅವನು ಗೋಡೆ ನೋಡುತ್ತ, "ಮಾವಾರು ಹೇಳಿಧಂಗ ಮಾಡ್ರಿ" ಎಂದ. ಮನೆಗೆ ಕರೆದುಕೊಂಡು ಹೋದರೆ ಯಾರೋ ಬೂದಿ ಹಚ್ಚುತ್ತಾರೆ, ಕೀವು ತುಂಬುತ್ತದೆ, ಕೈ ಅಷ್ಟೇ ಅಲ್ಲ, ಜೀವವೇ ಹೋದೀತು. ಇಲ್ಲಿ ಕಿತ್ತರೆ ಕೈ ಮಾತ್ರ ಹೋಗುತ್ತದೆ. ಡಾಕ್ಟರು ಕುರ್ಚಿಯಲ್ಲಿ ಕುಸಿದು, "ತಗೀರಿ ಹಂಗಾರ" ಎಂದರು. ಅಷ್ಟು ಓದಿದ ಮನುಷ್ಯ, ಕೈಚೆಲ್ಲಿಬಿಟ್ಟರು.

ವೀರಪ್ಪ ಬಾಗಿಲವರೆಗೆ ಹೋದವನು ತಿರುಗಿದ. ಅಷ್ಟು ಹೊತ್ತು ಗೋಡೆಗೆ ಆತು ನಿಂತಿದ್ದ ಶಟ್ಟೆಪ್ಪನ ಹತ್ತಿರ ಬಂದ. "ನೀನs ತಗಿಯಪಾ. ಬ್ಯಾರೆದವರು ಬ್ಯಾಡ. ನಿನ್ನ ಕೈ ಅಂದ್ರ ಅಕಿಗಿ ನೋವು ಕಡಿಮಿ. ಮತ್ತ ಅಕಿಗಿ ಏನೂ ಹೇಳಬ್ಯಾಡ. ಮೈಮ್ಯಾಲ ಏನಿತ್ತು ಅಂತ ಗೊತ್ತಾದ್ರ, ಅದರ ಮ್ಯಾಲ ಕೂಸಿಗಿ ಹಾಲು ಕುಡಿಸೇನಿ ಅಂತ ಗೊತ್ತಾದ್ರ, ಅಕಿ ಜೀವಾ ಇಟ್ಟಕೊಳ್ಳೂದಿಲ್ಲ. ನಿನ್ನ ಕಾಲ ಹಿಡಕೋತೇನಿ." ಬಗ್ಗಿಯೂ ಬಿಟ್ಟ. ಶಟ್ಟೆಪ್ಪ ಹಿಂದಕ್ಕೆ ಸರಿದು, ಹೂಂ ಎಂದ.

ಮರುದಿನ ಬೆಳಗ್ಗೆ ಎಂಟರಿಂದ ಅವನು ಸಲೈನ್ ನೀರು ಹನಿಸುತ್ತ ಕೂತ. ಹಾಳೆ ನೆನೆಯಲಿ, ಸಡಿಲಾಗಲಿ ಎಂದು. ಹನ್ನೊಂದಾದರೂ ಹನಿಸುತ್ತಲೇ ಇದ್ದ. ಹೊತ್ತು ದೂಡುತ್ತಿದ್ದಾನೆ ಎಂದು ನನಗೆ ಗೊತ್ತಾಗುತ್ತಿತ್ತು. ಅನ್ನಪೂರ್ಣಾ ಮೊದಮೊದಲು ಆರಾಮಾಗಿಯೇ ಇದ್ದಳು. ಅವನು ಚಿಮಟ ಕೈಗೆತ್ತಿಕೊಂಡಾಗ ಮುಖ ಬಿಳಿಚಿತು.

"ಕಾಕಾ, ಇದನ್ನ ತಗಿಯಂಗಿಲ್ಲ ಅಂದಿದ್ರಿ?"

ಅವನು ಇನ್ನೊಂದಿಷ್ಟು ನೀರು ಹನಿಸಿದ.

"ಏನ್ ಮಾಡಾಕ ಹತ್ತೀರಿ ಹೇಳ್ರಿ. ಇವತ್ಯಾಕ ಹೇಳವಲ್ರಿ?"

ಅವನು ಬಾಯಿ ತೆರೆದು ಮುಚ್ಚಿದ. ಕೊಟ್ಟ ಮಾತು ಒಂದು ಕಡೆ, ಬಾರದ ಸುಳ್ಳು ಇನ್ನೊಂದು ಕಡೆ. ಆಗ ನಾನು ಮುಂದೆ ಬಂದೆ. ಬಂದೆನಲ್ಲ, ನನ್ನ ನಾಲಿಗೆಗೆ ಬೆಂಕಿ ಬೀಳಲಿ. "ಪಟ್ಟಿ ಕೆಟ್ಟೈತಿ ಯವ್ವಾ, ಒಳಗ ಕೀವು ಆಗೈತಿ. ತಗೀಲಿಲ್ಲಂದ್ರ ಕೈಯs ಹೊಕ್ಕೈತಿ. ಸುಮ್ನ ಮಲಕೋ" ಎಂದೆ. ಎಷ್ಟು ಸಲೀಸಾಗಿ ಬಂತು! ಅವಳು ನಂಬಿದಳು. "ಹಂಗಾರ ತಗೀರಿ ಕಾಕಾ" ಎಂದು ತಾನಾಗಿಯೇ ಕೈ ಮುಂದೆ ಚಾಚಿದಳು.

ಮಣಿಕಟ್ಟಿನ ಹಾಳೆ ಸುಲಭವಾಗಿ ಬಂತು. ಮೊಣಕೈಯ ಮಡಿಕೆಯಲ್ಲಿ ಬರಲಿಲ್ಲ. ಅಲ್ಲಿ ಅದು ಅವಳದೇ ಆಗಿಬಿಟ್ಟಿತ್ತು. ಅವನು ಎಳ್ಳಷ್ಟು ಎಳ್ಳಷ್ಟಾಗಿ ಎತ್ತಿದ. ಎತ್ತಿದಲ್ಲೆಲ್ಲ ಗುಲಾಬಿ ತೊಗಲೂ ಜೊತೆಗೆ ಎದ್ದುಬಂದು ಕೆಂಪು ಹನಿಗಳು ಮೂಡಿದವು. ಅವಳು ಹತ್ತರವರೆಗೆ ಎಣಿಸಿದಳು, ಮತ್ತೆ ಒಂದರಿಂದ ಎಣಿಸಿದಳು, ಆಮೇಲೆ ಎಣಿಸಲಿಲ್ಲ. ವೀರಪ್ಪ ಹೊರಗೆ ಬೆಂಚಿನ ಮೇಲೆ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದ. ಎದೆಯ ಮೇಲಿನದನ್ನು ನಾನು ಬಿಡಿಸಿದೆ. ಕಿತ್ತ ಹಾಳೆಗಳನ್ನು ಶಟ್ಟೆಪ್ಪ ತಟ್ಟೆಯಲ್ಲಿ ಇಟ್ಟುಕೊಂಡು ಹಿತ್ತಲಿಗೆ ಹೋದವನು ಸಂಜೆಯಾದರೂ ಒಳಗೆ ಬರಲಿಲ್ಲ. ಹೋಗಿ ನೋಡಿದರೆ ಗೋಡೆಗೆ ಮುಖ ಮಾಡಿ ಕೂತಿದ್ದ. ನಾನೂ ಬಾಜೂಕ ಕೂತೆ.

ಡಾಕ್ಟರು ಹೇಳಿದಂತೆಯೇ ಆಯಿತು. ಏಳು ವಾರ ಹಿಡಿಯಿತು. ಎದೆಹಾಲು ಪೂರಾ ಬತ್ತಿತು, ಕೂಸು ಎಮ್ಮೆಯ ಹಾಲಿಗೆ ಬಿತ್ತು. ಮೊಣಕೈಯ ಚರ್ಮ ಗಂಟುಗಟ್ಟಿ ಮುದುಡಿತು, ಕೈ ಮಡಚಿದಲ್ಲಿಯೇ ನಿಂತಿತು. ಮನೆಗೆ ಹೋಗುವ ದಿನ ಅನ್ನಪೂರ್ಣಾ ನಮ್ಮೆಲ್ಲರಿಗೂ ಎಡಗೈಯಿಂದ ನಮಸ್ಕಾರ ಮಾಡಿದಳು. "ನೀವೆಲ್ಲಾ ಭಾಳ ಮಾಡಿದ್ರಿ, ನನ್ನ ದೈವ ಇಷ್ಟs ಇತ್ತು" ಎಂದಳು. ಶಟ್ಟೆಪ್ಪ ಆ ಹೊತ್ತಿಗೆ ಎದುರಿಗೇ ಬರಲಿಲ್ಲ.

ಮುಂದೆಯೂ ಅವನು ಕೆಲಸ ಮಾಡಿದ. ಕೈ ಹಾಗೆಯೇ ಹಗುರ, ಆದರೆ ಬಾಯಿ ಬಂದಾಯಿತು. ಹೆಸರು, ಕೇರಿ ಹೇಳಿ ಕೇಳುವುದಿಷ್ಟೇ ಉಳಿಯಿತು. "ಯಾಕಪಾ, ಮೂಕ ಆದ್ಯೇನು?" ಎಂದು ಹಳೆಯ ರೋಗಿಗಳು ಕೇಳಿದರೆ ತಲೆ ತಗ್ಗಿಸಿ ಪಟ್ಟಿ ಸುತ್ತುವನು. ನಾನು ಎಷ್ಟೋ ಸಲ, "ನೀ ಖರೆ ಹೇಳಿದ್ದು ತಪ್ಪಲ್ಲೋ" ಎಂದೆ. ಕೆಲವೊಮ್ಮೆ ಸಿಟ್ಟಿಗೆದ್ದು, "ಹೇಳಿದ್ದs ತಪ್ಪಾತು, ಸುಮ್ಮನಿರಬೇಕಾಗಿತ್ತು" ಎಂದೂ ಅಂದೆ. ಎರಡಕ್ಕೂ ಅವನು, "ಹೌದ್ರಿ ಅಕ್ಕಾರ" ಎನ್ನುವನು.

೨೦೦೮ರ ಬೇಸಿಗೆಯಲ್ಲಿ ಅನ್ನಪೂರ್ಣಾ ಬಂದಳು. ಎಡಗಡೆಯ ಸೊಂಟದ ಮೇಲೆ ಮೂರು ತಿಂಗಳ ಗಂಡು ಕೂಸು, ಲಸಿಕೆ ಹಾಕಿಸಬೇಕಿತ್ತು. ಪಕ್ಕದಲ್ಲಿ ಹಿರಿಯ ಮಗಳು, ಅವ್ವನ ಸೆರಗು ಹಿಡಿದುಕೊಂಡು. ಬಲಗೈ ಎದೆಗೆ ಒತ್ತಿದಂತೆ ಮಡಚಿಕೊಂಡೇ ಇತ್ತು. ಶಟ್ಟೆಪ್ಪ ಅವಳನ್ನು ಕಂಡು ಒಳಗೆ ಸರಿಯಲು ನೋಡಿದ.

"ನಿಲ್ರಿ ಕಾಕಾ" ಎಂದಳು. "ಅಪ್ಪ ಹೋದ ಚಳಿಗಾಲದಾಗ ತೀರಿಕೊಂಡ್ರು. ಹೋಗೂ ಮುಂದ ಈ ಕೈ ಹಿಡಕೊಂಡು ಎಲ್ಲಾ ಹೇಳಿದ್ರು. ಪಟ್ಟಿ ಕೆಟ್ಟಿರಲಿಲ್ಲಂತ."

ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಅವಳು ನನ್ನ ಕಡೆ ನೋಡಲಿಲ್ಲ, ಅವನನ್ನೇ ನೋಡುತ್ತಿದ್ದಳು.

"ನಮ್ಮಪ್ಪಗ ಹೇಳಿದ್ರಿ. ನನಗ್ಯಾಕ ಹೇಳಲಿಲ್ಲ ಕಾಕಾ?"

ನಾನೇ ಕೇಳಿದೆ, ಕೇಳದೆ ಇರಲಾಗಲಿಲ್ಲ: "ಹೇಳಿದ್ರ ಏನಂತಿದ್ದಿ ಯವ್ವಾ?"

"ಇರಲಿ ಬಿಡ್ರಿ ಅಂತಿದ್ದೆ" ಎಂದಳು ಅವಳು, ಒಂದು ಕ್ಷಣವೂ ಯೋಚಿಸದೆ. "ಏನಿದ್ರೂ ಇರಲಿ ಅಂತಿದ್ದೆ. ಅಪ್ಪ ಅತ್ತರೂ ಇರಲಿ ಅಂತಿದ್ದೆ. ಆಮ್ಯಾಲ ನಾ ಈ ಹುಡಿಗೀನ್ನ ಎರಡೂ ಕೈಲೆ ಒಂದ ಸಲಾನೂ ಎತ್ತಿಕೊಳ್ಳಲಿಲ್ರಿ. ಅಪ್ಪನ್ನ ಕೇಳಿದ್ರಿ, ನನ್ನ ಗಂಡನ್ನ ಕೇಳಿದ್ರಿ. ಕೈ ನಂದಿತ್ತಲ್ರಿ."

ಐದು ವರ್ಷ ನಾನು ಎಷ್ಟು ಜನರನ್ನು ಬೈದುಕೊಂಡಿದ್ದೆ! ವೀರಪ್ಪನನ್ನು, ಅಳಿಯನನ್ನು, ಕೈಚೆಲ್ಲಿದ ಡಾಕ್ಟರನ್ನು, ಬಾಯಿಬಿಟ್ಟ ಶಟ್ಟೆಪ್ಪನನ್ನು. ಅಂದು ಸಂಜೆ ನಾವೆಲ್ಲ ಕೂತು ಅಷ್ಟು ಜಗಳಾಡಿದ್ದು ಅವಳ ಕೋಣೆಯಿಂದ ಎಂಟು ಹೆಜ್ಜೆ ದೂರದಲ್ಲಿ. ನಡುವೆ ಡಾಕ್ಟರ ಕೋಣೆಯ ಮುಚ್ಚಿದ ಬಾಗಿಲು ಮಾತ್ರ ಇತ್ತು. ಆ ಬಾಗಿಲು ದಾಟಿ ಅವಳನ್ನು ಒಂದು ಮಾತು ಕೇಳಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಅವಳಂತೆಯೇ ಹೆಣ್ಣಾದ ನನಗೂ ಹೊಳೆಯಲಿಲ್ಲ. ಮೇಲಿಂದ ಸುಳ್ಳು ಬೇರೆ ಹೇಳಿದೆ.

ಕೂಸಿಗೆ ಸೂಜಿ ಹಾಕಬೇಕಿತ್ತು. ಕೂಸು ಮಿಸುಕದಂತೆ ಹಿಡಿಯಲು ಎರಡು ಕೈ ಬೇಕು. ಅನ್ನಪೂರ್ಣಾ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಕೂಸನ್ನು ಶಟ್ಟೆಪ್ಪನ ಕೈಗೆ ಕೊಟ್ಟಳು. ಅವನು ಅದನ್ನು ಎದೆಗೆ ಒತ್ತಿ ಹಿಡಿದುಕೊಂಡ, ನಾನು ಸೂಜಿ ಚುಚ್ಚಿದೆ. ಕೂಸು ಒಂದು ಸಲ ಚೀರಿ ಸುಮ್ಮನಾಯಿತು. ಶಟ್ಟೆಪ್ಪನಿಗೆ ಮಾತ್ರ ಅಳು ತಡೆಯಲಾಗಲಿಲ್ಲ, ಕೂಸನ್ನು ವಾಪಸು ಕೊಡುವುದನ್ನೂ ಮರೆತು ನಿಂತೇ ಇದ್ದ.